ಪುಟ್ಟಿಗೆ, ‘ಯಾರು ಬೇಕಾದರೂ’ ಎಂಬ ಭಯದ ಬಗ್ಗೆ

ಪ್ರೀತಿಯ ಪುಟ್ಟಿ,

ಮನೆ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕಾಗದದ ಕೊನೆಯಲ್ಲಿ ನೀನು ಬರೆದ ಒಂದು ಮಾತು ನನ್ನನ್ನು ಕಾಡುತ್ತಿದೆ: “ದೊಡ್ಡಪ್ಪ, ಬಸ್ ಸ್ಟ್ಯಾಂಡಿನಲ್ಲಿ ಸುವಾರ್ತೆಯ ಕರಪತ್ರ ಹಂಚಿದರೆ ಯಾರು ಬೇಕಾದರೂ ದೂರು ಕೊಟ್ಟು ಜೈಲಿಗೆ ಕಳಿಸಬಹುದಂತೆ.”

ಯಾರು ಬೇಕಾದರೂ ಅಲ್ಲ, ಪುಟ್ಟಿ. ಬಲವಂತ, ವಂಚನೆ, ಆಮಿಷದ ಮತಾಂತರವನ್ನು ನಿಷೇಧಿಸುವ 2022ರ ಕರ್ನಾಟಕದ ಮತಾಂತರ ಕಾಯ್ದೆಯ 4ನೇ ಸೆಕ್ಷನ್ ಓದು. ಮತಾಂತರಗೊಂಡವರು, ಅವರ ತಂದೆ-ತಾಯಿ, ಒಡಹುಟ್ಟಿದವರು, ರಕ್ತಸಂಬಂಧ, ಮದುವೆ ಅಥವಾ ದತ್ತಿನ ನಂಟಿರುವವರು, ಸಹೋದ್ಯೋಗಿ, ಒಡನಾಡಿ. ದೂರು ಕೊಡಬಹುದಾದವರು ಇವರು. ‘ಒಡನಾಡಿ’ ಎಂಬುದು ಎಳೆದಷ್ಟೂ ಹಿಗ್ಗುವ ಪದ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದಾರಿಹೋಕ ಅದರೊಳಗೆ ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ಜಮಖಂಡಿಯ ರಾಮತೀರ್ಥ ದೇವಸ್ಥಾನದ ಬಳಿ ಮೂವರು ಮುಸ್ಲಿಮರು ಇಸ್ಲಾಂ ಬಗ್ಗೆ ಕರಪತ್ರ ಹಂಚಿ, ಬಾಯಲ್ಲೂ ವಿವರಿಸಿದರೆಂದು ಕೇಸಾಯಿತು. ವಾಹನ ಕೊಡಿಸುತ್ತೇವೆ, ದುಬೈನಲ್ಲಿ ಕೆಲಸ ಕೊಡಿಸುತ್ತೇವೆ ಎಂದರೆಂಬ ಆರೋಪವೂ ಇತ್ತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಎಫ್ಐಆರ್ ರದ್ದು ಮಾಡಿತು. ಯಾರನ್ನೂ ಮತಾಂತರಿಸಿದ ಇಲ್ಲವೇ ಮತಾಂತರಿಸಲು ಯತ್ನಿಸಿದ ಆರೋಪವೇ ಅದರಲ್ಲಿಲ್ಲ, ದೂರು ಕೊಟ್ಟವರು 4ನೇ ಸೆಕ್ಷನ್ನಿನ ಪಟ್ಟಿಗೆ ಸೇರಿದವರೂ ಅಲ್ಲ ಎಂದಿತು. ಈ ತೀರ್ಪಿನ ಪ್ರತಿಯನ್ನು ಪ್ರಿಂಟ್ ಮಾಡಿ ನಿನ್ನ ಚೀಲದಲ್ಲಿಟ್ಟುಕೋ.

ಆದರೂ ನಿನ್ನ ಭಯ ಸುಳ್ಳೆಂದು ಹೇಳಲಾರೆ. ರದ್ದಾಗುವುದು ಆಮೇಲೆ, ಠಾಣೆಗೆ ಕರೆಯುವುದು ಮೊದಲು. ವಕೀಲಿಕೆಯ ಅಷ್ಟು ವರ್ಷ ಜಾಮೀನು ಅರ್ಜಿಗೇ ಓಡಿದೆ, ದೂರುದಾರ ಯಾರೆಂದು ಮೊದಲ ಪುಟದಲ್ಲೇ ನೋಡಬೇಕಿತ್ತು. ಆ ಪಶ್ಚಾತ್ತಾಪ ಈಗಲೂ ಇದೆ.

ಸಂವಿಧಾನದ 25ನೇ ವಿಧಿಯಲ್ಲಿ ‘ಪ್ರಚಾರ’ ಎಂಬ ಪದವೇ ಇದೆ. 1977ರ ಸ್ಟೇನಿಸ್ಲಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದಕ್ಕೆ ಗಡಿ ಹಾಕಿದರು: ನಿನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ನಿನ್ನ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ. ಆ ತೀರ್ಪು ಹಕ್ಕನ್ನು ಕಿರಿದು ಮಾಡಿತೆಂಬುದು ನನ್ನ ಅಭಿಪ್ರಾಯ. ಆದರೆ ಇಂದಿಗೂ ಕೋರ್ಟುಗಳು ಅದರ ಮೇಲೆಯೇ ನಿಂತಿವೆ, ನೀನು ಆ ಗೆರೆಯೊಳಗೇ ಇರು.

ಎಡವುವುದು ಎಲ್ಲಿ ಗೊತ್ತೇ? ಕಾಯ್ದೆಯಲ್ಲಿ ‘ಆಮಿಷ’ದ ಅರ್ಥ ಬಹಳ ಉದ್ದ. ದುಡ್ಡು, ಉಡುಗೊರೆ, ಉದ್ಯೋಗ, ಮದುವೆಯ ಮಾತು, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಒಳ್ಳೆಯ ಬದುಕಿನ ಭರವಸೆ, ದೇವರ ಮುನಿಸಿನ ಮಾತು. ಅಷ್ಟೇ ಅಲ್ಲ, ಒಂದು ಧರ್ಮವನ್ನು ಇನ್ನೊಂದರ ಎದುರಿಟ್ಟು ಹೊಗಳುವುದೂ, ಇನ್ನೊಂದರ ಆಚರಣೆಯನ್ನು ಹೀಗಳೆಯುವುದೂ ಅದರಲ್ಲೇ ಇದೆ. ಹಾಗಾಗಿ ಕರಪತ್ರದಲ್ಲಿ ‘ಅವರ ದೇವರು, ನಮ್ಮ ದೇವರು’ ಎಂಬ ಸಾಲು ಬೇಡ. ಔಷಧಿ, ಬಟ್ಟೆ ಹಂಚುವ ದಿನ ಕರಪತ್ರ ಬೇಡ. ಯಾರಾದರೂ ಮತ ಬದಲಿಸುತ್ತೇನೆಂದರೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಹೋಗಬೇಕು. ಅದು ನಿನ್ನ ಕೈಯ ಕೆಲಸವಲ್ಲ, ಪಾಸ್ಟರರಿಗೆ ಹೇಳು. ಇಷ್ಟೆಲ್ಲ ಬರೆದು ನಿನ್ನನ್ನು ಇನ್ನಷ್ಟು ಹೆದರಿಸಿದೆನೇನೋ, ಕ್ಷಮಿಸು.

‘ಯಾರು ಬೇಕಾದರೂ’ ಅಂದೆಯಲ್ಲ, ಆ ‘ಯಾರೋ’ ಬಂದೇ ಬಿಟ್ಟರೆ ವಾದಕ್ಕಿಳಿಯಬೇಡ. ಈ ಕಾಯ್ದೆಯ ಅಪರಾಧಕ್ಕೆ ಸಾಮಾನ್ಯವಾಗಿ 3ರಿಂದ 5 ವರ್ಷ ಶಿಕ್ಷೆ. ಶಿಕ್ಷೆ 7 ವರ್ಷ ಮೀರದ ಅಪರಾಧಕ್ಕೆ ಬಂಧಿಸುವ ಬದಲು ಮೊದಲು ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ರ ಪ್ರಕಾರ ಹಾಜರಾಗಲು ನೋಟಿಸು ಕೊಡುವುದು ನಿಯಮ, ಅನಗತ್ಯ ಬಂಧನಕ್ಕೆ ಕಡಿವಾಣ ಹಾಕಿದ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ಬಲವೂ ಅದಕ್ಕಿದೆ. ಮತಾಂತರಗೊಂಡವರು ಅಪ್ರಾಪ್ತರು, ಮಾನಸಿಕ ಅಸ್ವಸ್ಥರು, ಮಹಿಳೆ ಅಥವಾ ಪರಿಶಿಷ್ಟರು, ಇಲ್ಲವೇ ಅದು ಸಾಮೂಹಿಕ ಮತಾಂತರ ಎಂಬ ಆರೋಪವಾದರೆ ಶಿಕ್ಷೆ 10 ವರ್ಷಕ್ಕೇರುತ್ತದೆ, ಆಗ ಆ ರಕ್ಷಣೆ ಸಿಗದು. ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) 299 ಹಾಕಿದರೆ ಉದ್ದೇಶಪೂರ್ವಕ ದುರುದ್ದೇಶವಿತ್ತೆಂದು ತೋರಿಸಬೇಕು. ಬರೀ ಮಾತು, ಬರಹದ ಮೇಲಿನ ಇಂಥ ಕೇಸಿಗೆ ಎಫ್ಐಆರ್ ಮುಂಚೆ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದು ಸುಪ್ರೀಂ ಕೋರ್ಟಿನ 2025ರ ಮಾರ್ಚಿನ ಇಮ್ರಾನ್ ಪ್ರತಾಪ್‌ಗಢಿ ತೀರ್ಪು ಹೇಳಿದೆ.

ಇನ್ನೊಂದು ಮಾತು, ಹೆಣ್ಣುಮಗಳನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೂ ಮ್ಯಾಜಿಸ್ಟ್ರೇಟರ ಅನುಮತಿ, ಮಹಿಳಾ ಅಧಿಕಾರಿ ಎರಡೂ ಬೇಕು. ಒಬ್ಬಳೇ ನಿಲ್ಲಬೇಡ, ಜೊತೆಗೆ ಇನ್ನೊಬ್ಬರಿರಲಿ.

ಹಂಚುವ ಮೊದಲು ಕರಪತ್ರದ ಒಂದು ಪ್ರತಿ ನನಗೆ ಅಂಚೆಯಲ್ಲಿ ಕಳಿಸು. ಕೆಂಪು ಪೆನ್ನು ಹಿಡಿದು ಸಾಲು ಸಾಲು ಓದಿ ವಾಪಸ್ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ