ಹೊಸ ಲ್ಯಾಪ್‌ಟಾಪ್‌ನ ಸ್ಪೀಕರ್ ಸದ್ದು: ದಯವಿಟ್ಟು ಮತ್ತೆ ರಿಸೆಟ್ ಮಾಡಿ ಅನ್ನಬೇಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿಯಲ್ಲಿರುವ ಹೊಸ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಬರುತ್ತಿರುವ ಎರಡು ಬಗೆಯ ಸದ್ದು

ಮಾನ್ಯರೇ,

ನಿಮ್ಮ ಲ್ಯಾಪ್‌ಟಾಪ್ ಕೊಂಡು ಏಳು ವಾರ ಆಯಿತು. ಅದರಲ್ಲಿ ಆರು ದಿನ ಅದು ನಿಮ್ಮ ಸರ್ವಿಸ್ ಸೆಂಟರ್‌ನಲ್ಲೇ ಇತ್ತು. ಇದೇ ವಿಷಯಕ್ಕೆ ಇದು ನನ್ನ ನಾಲ್ಕನೇ ದೂರು. ಹಿಂದಿನ ಮೂರನ್ನೂ ಫೋನಿನಲ್ಲಿ ಹೇಳಿದ್ದೆ. ಮೂರಕ್ಕೂ ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಸದ್ದು ಮಾತ್ರ ಹಾಗೇ ಇದೆ. ಅದಕ್ಕೇ ಈ ಸಲ ಬರೆದು ಕಳಿಸುತ್ತಿದ್ದೇನೆ.

ಸದ್ದು ಒಂದಲ್ಲ, ಎರಡು. ಎರಡಕ್ಕೂ ಕಾರಣ ಬೇರೆ ಬೇರೆ. ಪ್ರತಿ ಸಲವೂ ಇದನ್ನು ಹೇಳಿದ್ದೇನೆ. ಪ್ರತಿ ಸಲವೂ ನಿಮ್ಮವರು ‘ಸ್ಪೀಕರ್ ನಾಯ್ಸ್’ ಅಂತ ಒಂದೇ ಸಾಲು ಬರೆದುಕೊಂಡಿದ್ದಾರೆ. ನನಗೆ ಅನ್ನಿಸುವಂತೆ ಎಡವಟ್ಟು ಶುರುವಾಗಿದ್ದೇ ಅಲ್ಲಿ.

ಮೊದಲನೆಯದು ‘ಟಪ್’ ಅನ್ನುವ ಸದ್ದು. ವಿಡಿಯೋ ನಿಲ್ಲಿಸಿದ ಮೇಲೆ ಹತ್ತು ಸೆಕೆಂಡಿನಷ್ಟು ಹೊತ್ತು ಸ್ಪೀಕರ್‌ನಿಂದ ಸಣ್ಣಗೆ ‘ಸ್ಸ್’ ಅಂತ ಕೇಳುತ್ತಿರುತ್ತದೆ. ಆಮೇಲೆ ಟಪ್. ಅಲ್ಲಿಗೆ ಪೂರ್ತಿ ನಿಶ್ಶಬ್ದ. ಮತ್ತೆ ಏನಾದರೂ ಕೇಳಿಸುವ ಮುಂಚೆ, ಒಂದು ಮೆಸೇಜ್ ಬಂದು ಟಿಂಗ್ ಅನ್ನುವ ಮುಂಚೆಯೂ, ಇನ್ನೊಂದು ಟಪ್. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಬರುತ್ತದೆ. ಹೆಡ್‌ಫೋನ್ ಹಾಕಿದರೂ ಬರುತ್ತದೆ, ಅಲ್ಲಂತೂ ಕಿವಿಯೊಳಗೇ ಯಾರೋ ಉಗುರಲ್ಲಿ ಡಬ್ಬಿ ತಟ್ಟಿದ ಹಾಗೆ.

ಎರಡನೆಯದು ಬಲಗಡೆ ಸ್ಪೀಕರ್‌ನ ‘ಜರ್ರ್’. ದಪ್ಪ ದನಿಯವರು ಮಾತಾಡಿದರೆ ಅವರ ಮಾತಿನ ಜೊತೆಗೇ ಒಂದು ಹರಿದ ಕಾಗದ ಅದುರಿದಂತೆ ಕೇಳುತ್ತದೆ. ಇದು ಹೆಡ್‌ಫೋನ್‌ನಲ್ಲಿ ಇಲ್ಲವೇ ಇಲ್ಲ.

ಮೊದಲ ಸಲ ಫೋನ್ ಮಾಡಿದಾಗ ಡ್ರೈವರ್ (ಆಡಿಯೋ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅಂದರು. ಮಾಡಿದೆ. ಎರಡನೇ ಸಲ ಫ್ಯಾಕ್ಟರಿ ರಿಸೆಟ್ ಮಾಡಿಸಿದರು, ಅಂದರೆ ಎಲ್ಲ ಅಳಿಸಿ ಕೊಂಡ ದಿನದ ಸ್ಥಿತಿಗೆ ತರುವುದು. ಅರ್ಧ ದಿನ ಹೋಯಿತು, ಟಪ್ ಹೋಗಲಿಲ್ಲ. ಮೂರನೇ ಸಲ ಲ್ಯಾಪ್‌ಟಾಪ್ ತಂದುಕೊಡಿ ಅಂದರು. ಆರು ದಿನ ಇಟ್ಟುಕೊಂಡು ‘ದೋಷ ಕಂಡುಬಂದಿಲ್ಲ’ ಅಂತ ಚೀಟಿ ಅಂಟಿಸಿ ವಾಪಸ್ ಕೊಟ್ಟರು. ಹೇಗೆ ಪರೀಕ್ಷಿಸಿದಿರಿ ಅಂತ ಕೇಳಿದೆ. ಹಾಡು ಜೋರಾಗಿ ಹಾಕಿ ನೋಡಿದೆವು, ಚೆನ್ನಾಗೇ ಕೇಳುತ್ತಿದೆ ಅಂದರು. ಹಾಡು ಓಡುತ್ತಿರುವಾಗ ಟಪ್ ಬರುವುದಿಲ್ಲ ಸ್ವಾಮಿ, ನಿಂತ ಮೇಲೆ ಬರುತ್ತದೆ. ಇದನ್ನು ದೂರಿನಲ್ಲೇ ಹೇಳಿದ್ದೆ. ಸಾಲದ್ದಕ್ಕೆ ಅವರೂ ಇನ್ನೊಂದು ಸಲ ರಿಸೆಟ್ ಮಾಡಿ ಕೊಟ್ಟಿದ್ದಾರೆ. ಬ್ಯಾಕಪ್ ಇತ್ತು, ಬಚಾವಾದೆ.

ಕೊನೆಗೆ ನಾನೇ ಕೂತು ಒಂದೊಂದಾಗಿ ಬೇರ್ಪಡಿಸಿ ನೋಡಿದೆ. ಇದು ನಿಮ್ಮವರ ಕೆಲಸ, ಆದರೂ ಇರಲಿ.

ಟಪ್ ಬಗ್ಗೆ ಹೇಳುತ್ತೇನೆ. ಏನೂ ಸದ್ದಿಲ್ಲದ ಒಂದು ಖಾಲಿ ಆಡಿಯೋ ಫೈಲನ್ನು ಒಂದು ಗಂಟೆ ಸತತವಾಗಿ ಓಡಿಸಿದೆ. ಸಣ್ಣ ‘ಸ್ಸ್’ ಇತ್ತು, ಒಂದೇ ಒಂದು ಟಪ್ ಬರಲಿಲ್ಲ. ಆಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಟಪ್ ಬಂತು. ಲಿನಕ್ಸ್‌ನ ಆಡಿಯೋ ಡ್ರೈವರ್‌ನಲ್ಲಿ ‘ಪವರ್ ಸೇವ್’ ಅಂತ ಒಂದು ಸಂಖ್ಯೆ ಇದೆ. ಎಷ್ಟು ಸೆಕೆಂಡ್ ಸುಮ್ಮನಿದ್ದರೆ ಆಡಿಯೋ ಚಿಪ್ ನಿದ್ದೆಗೆ ಹೋಗಬೇಕು ಅನ್ನುವುದು ಆ ಸಂಖ್ಯೆ. ಅಲ್ಲಿ 10 ಇಟ್ಟರೆ ಹತ್ತು ಸೆಕೆಂಡಿಗೆ ಟಪ್. 30 ಇಟ್ಟರೆ ಮೂವತ್ತಕ್ಕೆ. 0 ಇಟ್ಟರೆ ಚಿಪ್ ಮಲಗುವುದೇ ಇಲ್ಲ, ಟಪ್ಪೂ ಇಲ್ಲ. ಗಡಿಯಾರ ಇಟ್ಟುಕೊಂಡು ಮೂರು ಮೂರು ಸಲ ನೋಡಿದ್ದೇನೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಇನ್ನೇನು ಬೇಕು?

ಅಂದರೆ ಬ್ಯಾಟರಿ ಉಳಿಸಲು ಆಡಿಯೋ ಚಿಪ್ ಪದೇ ಪದೇ ಆಫ್ ಆಗಿ ಆನ್ ಆಗುತ್ತಿದೆ. ಅದು ತಪ್ಪಲ್ಲ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೇ. ಆದರೆ ಆಂಪ್ಲಿಫೈಯರನ್ನು (ಸ್ಪೀಕರ್‌ಗೆ ಹೋಗುವ ಸದ್ದನ್ನು ದೊಡ್ಡದು ಮಾಡುವ ಭಾಗ) ಮೊದಲು ಮ್ಯೂಟ್ ಮಾಡಿ ಆಮೇಲೆ ಆಫ್ ಮಾಡಬೇಕು. ಆ ಕ್ರಮ ತಪ್ಪಿದರೆ ವೋಲ್ಟೇಜ್ ಒಮ್ಮೆಲೇ ಏರಿಳಿದು ಸ್ಪೀಕರ್ ಕೋನ್ (ಅದುರಿ ಸದ್ದು ಮಾಡುವ ಪರದೆ) ಜಗ್ಗುತ್ತದೆ. ಕೇಳಿಸುವ ಟಪ್ ಅದೇ. ಇದನ್ನು ಸರಿಮಾಡುವ ಜಾಗ ನಿಮ್ಮ ಡ್ರೈವರ್ ಅಥವಾ ಬಯೋಸ್ (ಬೋರ್ಡಿನಲ್ಲೇ ಇದ್ದು, ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್). ನಾನು ಎಷ್ಟು ಸಲ ರಿಸೆಟ್ ಮಾಡಿದರೂ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ, ಅಲ್ವಾ?

ನಿಮ್ಮವರೊಬ್ಬರು ಇದು ಕಾಯಿಲ್ ವೈನ್, ಎಲ್ಲದರಲ್ಲೂ ಇರುತ್ತದೆ ಅಂದರು. ಕಾಯಿಲ್ ವೈನ್ ಅನ್ನುವುದು ಬೋರ್ಡಿನ ಮೇಲಿನ ಸುರುಳಿಗಳು ಕಂಪಿಸಿ ಬರುವ ಸಣ್ಣ ಕೀರಲು ಸದ್ದು. ಅದು ಸ್ಪೀಕರ್‌ನಿಂದ ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಆಡಿಯೋ ಡಿವೈಸನ್ನೇ ಡಿಸೇಬಲ್ ಮಾಡಿದರೆ ನನ್ನ ಲ್ಯಾಪ್‌ಟಾಪ್ ಪೂರ್ತಿ ಸುಮ್ಮನಾಗುತ್ತದೆ. ಇನ್ನೊಬ್ಬರು ಚಾರ್ಜರ್‌ನ ಅರ್ಥಿಂಗ್ ಸರಿಯಿಲ್ಲ ಅಂದರು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದರೂ ಎರಡೂ ಸದ್ದು ಇವೆ.

ಇನ್ನು ಜರ್ರ್. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಏರುತ್ತಾ ಹೋಗುವ ಟೋನ್ ಹಾಕಿ ನೋಡಿದೆ. 280 ರಿಂದ 350 ಹರ್ಟ್ಸ್ ನಡುವೆ ಮಾತ್ರ ಅದುರುತ್ತದೆ. ಸದ್ದಿನ ಎಡ-ಬಲ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ಸರಿಸಿದರೆ ಇಲ್ಲ, ಬಲಕ್ಕೆ ಸರಿಸಿದರೆ ಇದೆ. ಕೀಬೋರ್ಡಿನ ಕೆಳಗೆ ಬಲ ಅಂಗೈ ಇಡುವ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಸಾಫ್ಟ್‌ವೇರ್ ತಪ್ಪಾಗಿದ್ದರೆ ಬೆರಳಲ್ಲಿ ಒತ್ತಿದರೆ ನಿಲ್ಲುತ್ತಿತ್ತೇ? ಸ್ಪೀಕರ್ ಸಡಿಲವಾಗಿ ಕೂತಿದೆ, ಇಲ್ಲವೇ ಅದರ ಸುತ್ತಲಿನ ರಬ್ಬರ್ ಸರಿಯಿಲ್ಲ. ಬಿಚ್ಚಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ವಾರಂಟಿ ಹೋಗುತ್ತದೆ ಅಂತ ನಾನು ಬಿಚ್ಚಿಲ್ಲ.

ನನಗೆ ಬೇಕಾಗಿರುವುದು ಜಾಸ್ತಿ ಏನಿಲ್ಲ. ಬಲಗಡೆ ಸ್ಪೀಕರ್ ಬದಲಿಸಿ, ಮೇಲೆ ಹೇಳಿದ ಟೋನ್ ಹಾಕಿ ನನ್ನ ಎದುರಿಗೇ ತೋರಿಸಿ. ಟಪ್ ಸದ್ದಿಗೆ ಸರಿಯಾದ ಡ್ರೈವರ್ ಅಥವಾ ಬಯೋಸ್ ಅಪ್‌ಡೇಟ್ ಕೊಡಿ. ಅದು ತಯಾರಾಗಲು ಸಮಯ ಬೇಕಿದ್ದರೆ ಆಡಿಯೋ ಚಿಪ್ ನಿದ್ದೆಗೆ ಹೋಗದಂತೆ ಮಾಡುವ ಒಂದು ಸೆಟ್ಟಿಂಗ್ ಸದ್ಯಕ್ಕೆ ಕೊಡಿ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾದರೂ ಪರವಾಗಿಲ್ಲ. ಎರಡೂ ಆಗುವುದಿಲ್ಲ ಅಂದರೆ ಲ್ಯಾಪ್‌ಟಾಪ್ ಬದಲಿಸಿ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ.

ಟಪ್ ಮತ್ತು ಜರ್ರ್ ಎರಡೂ ಬೇರೆ ಬೇರೆಯಾಗಿ ಕೇಳುವ ಎರಡು ರೆಕಾರ್ಡಿಂಗ್, ಸೆಕೆಂಡ್ ಬರೆದಿಟ್ಟ ಪಟ್ಟಿ, ಬಿಲ್ ಮತ್ತು ನಿಮ್ಮ ಸರ್ವಿಸ್ ಸೆಂಟರ್‌ನ ಚೀಟಿಯ ಫೋಟೋ ಈ ಪತ್ರದ ಜೊತೆಗಿವೆ. ರೆಕಾರ್ಡಿಂಗ್ ಕೇಳುವಾಗ ದಯವಿಟ್ಟು ಸುತ್ತಮುತ್ತ ಗದ್ದಲ ಇಲ್ಲದ ಕಡೆ ಕೂತು ಕೇಳಿ.

ಹತ್ತು ದಿನದೊಳಗೆ ಬರಹದಲ್ಲೇ ಉತ್ತರ ಕೊಡಿ. ಉತ್ತರ ಬರದಿದ್ದರೆ ಇದೇ ಪತ್ರವನ್ನು ಗ್ರಾಹಕರ ಆಯೋಗದ ಮುಂದೆ ಇಡುತ್ತೇನೆ. ಅಲ್ಲಿಯವರೆಗೆ ಈ ದೂರನ್ನು ‘ಪರಿಹರಿಸಲಾಗಿದೆ’ ಅಂತ ಮುಚ್ಚಬೇಡಿ.

ಇಂತಿ,
ನಿಮ್ಮ ಗ್ರಾಹಕ