ಸ್ಮಾರಕದ ಸಂಖ್ಯೆಯಲ್ಲಿ ಯಾರು ಸೇರಿದ್ದಾರೆ?

ಮಾನ್ಯ ಸಂಪಾದಕರೇ,

ಯುದ್ಧದಲ್ಲಿ ಮಡಿದವರ ಸಂಖ್ಯೆಯನ್ನು ಕಲ್ಲಿನ ಮೇಲೆ ಕೆತ್ತಿಸುವಾಗ, ಆ ಸಂಖ್ಯೆಯೊಳಗೆ ಯಾರನ್ನು ಸೇರಿಸಲಾಗಿದೆ, ಯಾರನ್ನು ಬಿಡಲಾಗಿದೆ ಎಂಬುದನ್ನೂ ಅಲ್ಲಿಯೇ ಬರೆಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

1962ರ ಚೀನಾ ಯುದ್ಧವನ್ನೇ ನೋಡಿ. ಸರ್ಕಾರದ ಲೆಕ್ಕದಲ್ಲಿ ನಮ್ಮ ಕಡೆ ಮಡಿದವರು 1,383, ಕಾಣೆಯಾದವರು 1,696. ಕಾಣೆಯಾದವರನ್ನು ಬೇರೆಯಾಗಿ ಇಟ್ಟರೆ ಒಂದು ಉತ್ತರ, ಹಿಮದಲ್ಲಿ ಉಳಿದುಹೋದ ಅವರನ್ನೂ ಸೇರಿಸಿದರೆ ಮೂರು ಸಾವಿರ ದಾಟುವ ಇನ್ನೊಂದು ಉತ್ತರ. ಮಗ ಹಿಂದಿರುಗದ ಮನೆಗೆ ಈ ಎರಡು ಕಲಮುಗಳ ವ್ಯತ್ಯಾಸದಿಂದ ಏನಾಗಬೇಕಿದೆ?

ಎರಡು ಮಹಾಯುದ್ಧಗಳ ಲೆಕ್ಕವಿಡುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗಕ್ಕೆ ಖಚಿತವಾದ ಗಡಿ ದಿನಾಂಕಗಳಿವೆ. ಮೊದಲನೆಯ ಯುದ್ಧಕ್ಕೆ 31 ಆಗಸ್ಟ್ 1921 ಕೊನೆಯಾದರೆ, ಎರಡನೆಯದಕ್ಕೆ 31 ಡಿಸೆಂಬರ್ 1947. ಆ ಅವಧಿಯೊಳಗೆ ಸೇವೆಯಲ್ಲಿದ್ದು ಕಾಯಿಲೆಯಿಂದಲೋ ಅಪಘಾತದಿಂದಲೋ ತೀರಿಕೊಂಡವರ ಹೆಸರೂ ಪಟ್ಟಿಗೆ ಸೇರುತ್ತದೆ, ಇದು ನ್ಯಾಯವಾದದ್ದೇ. ಆದರೆ ಬರ್ಮಾದ ರಂಗದಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ ನನ್ನ ದೊಡ್ಡಪ್ಪ ಅಲ್ಲಿಂದಲೇ ಅಂಟಿಸಿಕೊಂಡು ಬಂದ ಜ್ವರದಲ್ಲಿ ನರಳಿ 1949ರಲ್ಲಿ ತೀರಿಕೊಂಡರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಗಡಿಯೊಳಗೆ ಬಂದವರಿಗೂ ಸಮಾನ ಗೌರವ ಸಿಗಲಿಲ್ಲ. 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟ್ ಎಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರ ನೆನಪಿಗೆಂದು ಕಟ್ಟಿದ್ದು, ಅದರ ಮೇಲಿರುವ ಹೆಸರುಗಳು ಹದಿಮೂರು ಸಾವಿರದಷ್ಟು ಮಾತ್ರ. ಮೊದಲನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ನಮ್ಮ ದೇಶದ ಹಳ್ಳಿಗಳಲ್ಲಿ ನಿಲ್ಲಿಸಿದ ಫಲಕಗಳಲ್ಲಿ ಈ ಊರಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ತೆತ್ತರು ಎಂಬ ಅಂಕಿಗಳಿವೆಯೇ ಹೊರತು ಹೋದವರು ಯಾರೆಂಬುದಿಲ್ಲ. ಏಷ್ಯಾ ಮತ್ತು ಆಫ್ರಿಕಾದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೆಸರಿನಿಂದ ಸ್ಮರಿಸಿಯೇ ಇರಲಿಲ್ಲವೆಂದು ಆಯೋಗದ ವಿಶೇಷ ಸಮಿತಿ 2021ರಲ್ಲಿ ವರದಿ ಕೊಟ್ಟ ಮೇಲೆ, ಆಯೋಗ ಕ್ಷಮೆ ಕೇಳಿತು.

ನಮ್ಮ ಬೇಲೂರು, ಹಳೇಬೀಡು, ಅರಸೀಕೆರೆಯ ಸುತ್ತ ಹೊಲದ ಬದುವಿನಲ್ಲಿ, ಗುಡಿಯ ಮುಂದೆ ವೀರಗಲ್ಲುಗಳು ನಿಂತಿವೆ. ಅನೇಕ ಕಲ್ಲುಗಳಲ್ಲಿ ಅಕ್ಷರವಿಲ್ಲ, ನಿಜ. ಆದರೆ ಅಕ್ಷರವಿರುವ ಕಲ್ಲು ಯಾವ ಅರಸನ ಕಾಲ, ಯಾವ ಸಂವತ್ಸರ, ಸತ್ತವನು ಯಾರ ಮಗ, ತುರುಗಳನ್ನು ಬಿಡಿಸಲು ಹೋದನೋ ಕೋಟೆ ಕಾಯಲು ಹೋದನೋ ಎಂಬುದನ್ನು ಹೇಳುತ್ತದೆ. ಎಂಟುನೂರು ವರ್ಷಗಳ ಹಿಂದೆ ಉಳಿ ಹಿಡಿದ ಕೈ ಒಬ್ಬೊಬ್ಬನಿಗಾಗಿ ಅಷ್ಟು ಶ್ರಮ ಪಟ್ಟಿರುವಾಗ, ಎಲ್ಲ ಸೌಲಭ್ಯಗಳಿರುವ ನಾವು ‘ಅಮರ ಯೋಧರಿಗೆ ನಮನ’ ಎಂದಷ್ಟೇ ಬರೆಸಿ ಸುಮ್ಮನಾಗುವುದು ನನಗೆ ಸರಿಕಾಣುವುದಿಲ್ಲ.

2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿದ್ದು, ಹೊಸ ಹೆಸರುಗಳು ಸೇರುತ್ತಲೇ ಇವೆ. ಆ ಕ್ರಮ ಜಿಲ್ಲೆಗೂ ಬರಲಿ. ಹಾಸನದಲ್ಲಾಗಲಿ ತಾಲ್ಲೂಕು ಕೇಂದ್ರಗಳಲ್ಲಾಗಲಿ ಸ್ಮಾರಕ ಕಟ್ಟುವವರು, ಇರುವುದನ್ನು ನವೀಕರಿಸುವವರು, ಊರುವಾರು ಹೆಸರು, ಮಡಿದ ದಿನ ಮತ್ತು ಸ್ಥಳವನ್ನು ಕೆತ್ತಿಸಲಿ. ಕಾಯಿಲೆಯಿಂದ ತೀರಿಕೊಂಡವರನ್ನೂ ಕಾಣೆಯಾದವರನ್ನೂ ಹಾಗೆಂದು ನಮೂದಿಸಿಯೇ ಸೇರಿಸಲಿ. ಪಟ್ಟಿ ಯಾವ ವರ್ಷದಿಂದ ಯಾವ ವರ್ಷದವರೆಗಿನದೆಂದು ತಿಳಿಸಿ, ಕೆಳಗೆ ಒಂದಿಷ್ಟು ಜಾಗವನ್ನು ಖಾಲಿ ಬಿಡಲಿ. ಕೆತ್ತಿಸುವ ಮೊದಲು ಕರಡು ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಲ್ಲಿ ಅಂಟಿಸಿದರೆ, ಬಿಟ್ಟುಹೋದವರನ್ನು ಮನೆಯವರೇ ಬಂದು ಹೇಳಿಯಾರು.

ದೊಡ್ಡಪ್ಪನ ಸೈನ್ಯದ ಕಾಗದಗಳು ಇಂದಿಗೂ ನಮ್ಮ ಮನೆಯ ಪೆಟ್ಟಿಗೆಯಲ್ಲಿವೆ. ಅಂಥ ಪಟ್ಟಿ ಸಿದ್ಧಪಡಿಸುವವರು ಕೇಳಿದರೆ ತಂದು ತೋರಿಸುತ್ತೇನೆ.

ಇತಿ,
ನಿವೃತ್ತ ಶಿಕ್ಷಕ, ಬೇಲೂರು, ಹಾಸನ ಜಿಲ್ಲೆ