ಏಪ್ರಿಲ್ 1ರಿಂದ ನಿಮ್ಮ ಬುತ್ತಿಯಲ್ಲಿ ಏನು ಬದಲಾಗುತ್ತದೆ, ಏಕೆ

ವಾಸ್ಕೋ ಡ ಗಾಮಾ, ಗೋವಾ
ಫೆಬ್ರವರಿ 2026

ವಾಸ್ಕೋ, ಬೈನಾ, ಜುವಾರಿನಗರ, ದಾಬೋಳಿಯ ನಮ್ಮೆಲ್ಲ ಗ್ರಾಹಕರಿಗೆ ರೊಟ್ಟಿ ಸಹಕಾರ ಸಂಘದ ಅಕ್ಕತಂಗಿಯರ ನಮಸ್ಕಾರಗಳು.

ಮೊದಲು ಮುಖ್ಯ ವಿಷಯ. ಏಪ್ರಿಲ್ 1ರಿಂದ ನಿಮ್ಮ ಮಧ್ಯಾಹ್ನದ ಬುತ್ತಿ ನಮ್ಮ ಸದಸ್ಯೆಯರ ಮನೆಗಳಿಂದ ಬರುವುದಿಲ್ಲ. ಜುವಾರಿನಗರದಲ್ಲಿ ಬಾಡಿಗೆಗೆ ಹಿಡಿದಿರುವ ಒಂದೇ ಅಡುಗೆಮನೆಯಿಂದ ಬರುತ್ತದೆ. ಎರಡು ರೊಟ್ಟಿ, ಪಲ್ಯ, ಬೇಳೆ, ಅನ್ನ, ಹಿಂಡಿ (ಚಟ್ನಿಪುಡಿ) ಸೇರಿದ ಬುತ್ತಿಯ ದರ 60 ರೂಪಾಯಿಯಿಂದ 70 ರೂಪಾಯಿ ಆಗುತ್ತದೆ. ಗುತ್ತಿಗೆದಾರರು ತಮ್ಮ ಕೆಲಸಗಾರರಿಗಾಗಿ ಒಟ್ಟಾಗಿ ತರಿಸುವ ಬುತ್ತಿಗೆ ಇನ್ನು ಮುಂದೆ ಲಿಖಿತ ಆರ್ಡರ್ ಬೇಕು, ಹಣ ಬ್ಯಾಂಕಿನ ಮೂಲಕವೇ ಬರಬೇಕು. ಒಬ್ಬೊಬ್ಬರಾಗಿ ಕೊಳ್ಳುವವರ ಉದ್ದರಿ ಪುಸ್ತಕ ಮಾತ್ರ ಈಗಿರುವಂತೆಯೇ ನಡೆಯುತ್ತದೆ.

ಸುದ್ದಿ ಕಿವಿಗೆ ಬಿದ್ದ ಕೆಲವರು ಈಗಾಗಲೇ ಕೇಳಿದ್ದಾರೆ: “ಸರ್ಕಾರದ ಸಹಾಯಧನ ಸಿಕ್ಕಿದೆಯಂತಲ್ಲ ಅಕ್ಕಾ, ಮತ್ತೆ ದರ ಏಕೆ ಏರಿಸುತ್ತೀರಿ?” ನ್ಯಾಯವಾದ ಪ್ರಶ್ನೆ. ಒಂದೇ ಮಾತಿನಲ್ಲಿ ಉತ್ತರಿಸಿದರೆ ಅರ್ಧ ಮುಚ್ಚಿಟ್ಟಂತಾಗುತ್ತದೆ. ಅದಕ್ಕಾಗಿಯೇ ಈ ಉದ್ದನೆಯ ಪತ್ರ.

ನಮ್ಮ ಊರಿನ ಅನ್ನ ಬರುವುದು ಬಂದರಿನಿಂದ, ಕಾರ್ಖಾನೆಗಳಿಂದ ಮತ್ತು ರಕ್ಷಣಾ ಇಲಾಖೆಯ ಕೆಲಸದಿಂದ. ದಾಬೋಳಿಯಲ್ಲಿ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಹಂಸ ಇದೆ. ನಾವು ವಿಮಾನ ಹತ್ತುವ ನಿಲ್ದಾಣವೂ ಅದೇ ನೆಲೆಯ ಮಗ್ಗುಲಲ್ಲಿದೆ. ಪೋರ್ಚುಗೀಸರ ಆಳ್ವಿಕೆಯಲ್ಲಿ, 1957ರಲ್ಲಿ ಆರಂಭವಾದ ಹಡಗುಕಟ್ಟೆ ಇವತ್ತಿನ ಗೋವಾ ಶಿಪ್‌ಯಾರ್ಡ್. ಅಲ್ಲಿ ಕಟ್ಟಿದ ‘ತ್ರಿಪುಟ್’ ಯುದ್ಧನೌಕೆ 2024ರ ಜುಲೈಯಲ್ಲಿ, ‘ತವಸ್ಯ’ 2025ರ ಮಾರ್ಚ್‌ನಲ್ಲಿ ನೀರಿಗಿಳಿದವು. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಅವುಗಳ ಚಿತ್ರಗಳಿದ್ದವು, ನಮಗೂ ಎದೆ ತುಂಬಿ ಬಂದಿತ್ತು. ಒಂದು ನೆಲೆ, ಒಂದು ಹಡಗುಕಟ್ಟೆ ನಡೆಯಬೇಕಾದರೆ ಬೆಸುಗೆ ಹಾಕುವವರು, ತುಕ್ಕು ತಿಕ್ಕುವವರು, ಬಣ್ಣ ಬಳಿಯುವವರು, ಅಟ್ಟಣಿಗೆ ಕಟ್ಟುವವರು ಬೇಕು. ಅವರಿಗೆ ಬಾಡಿಗೆ ಕೋಣೆ ಬೇಕು, ನೀರು ಬೇಕು, ಮಕ್ಕಳಿಗೆ ಶಾಲೆ ಬೇಕು, ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಊಟ ಬೇಕು. ಇದನ್ನೆಲ್ಲ ಒದಗಿಸುವುದು ಗೇಟಿನ ಹೊರಗಿರುವ ಊರು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಿಂದ ಬಂದ ನಮ್ಮಂಥವರ ಕೇರಿಗಳೂ ಆ ಊರಿಗೆ ಸೇರಿದವು.

ಇಂಥ ಊರುಗಳಿಗೆ ಸರ್ಕಾರ ಏನು ಕೊಡಬೇಕು? ಅಮೆರಿಕ ಇದನ್ನು ಕಾನೂನಿನಲ್ಲೇ ಬರೆದಿಟ್ಟಿದೆ. ಅಲ್ಲಿನ ಸಂಸತ್ತು 2018ರಲ್ಲಿ ಒಪ್ಪಿದ ರಕ್ಷಣಾ ಕಾಯ್ದೆಯಡಿ, ಸೇನಾ ನೆಲೆಗೆ ಆಸರೆಯಾಗಿರುವ ಊರುಗಳ ಮೂಲಸೌಕರ್ಯಕ್ಕೆಂದೇ ಒಂದು ಅನುದಾನ ಯೋಜನೆ ಶುರುವಾಯಿತು. ಮೊದಲ ಅನುದಾನಗಳು 2020ರಲ್ಲಿ ಬಿಡುಗಡೆಯಾದವು. ನೆಲೆಯ ಬೇಲಿಯ ಹೊರಗಿನ ರಸ್ತೆ, ಶಾಲೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ, ನೀರು, ಒಳಚರಂಡಿ, ವಿದ್ಯುತ್ತು ಇವಕ್ಕೆ ಆ ದೇಶದ ರಕ್ಷಣಾ ಇಲಾಖೆಯೇ ಹಣ ಕೊಡುತ್ತದೆ. ರಾಜ್ಯ ಸರ್ಕಾರಗಳು, ಸ್ಥಳೀಯ ಆಡಳಿತಗಳು ಅರ್ಜಿ ಹಾಕಬಹುದು. ಲಾಭದ ಉದ್ದೇಶವಿಲ್ಲದ, ಸದಸ್ಯರೇ ಒಡೆಯರಾಗಿರುವ ವಿದ್ಯುತ್ ಮತ್ತು ನೀರಿನ ಸಂಘಗಳೂ ಹಾಕಬಹುದು. ಸಹಕಾರ ಸಂಘಕ್ಕೂ ನೇರವಾಗಿ ಬಾಗಿಲು ತೆರೆದಿರುವ ಆ ಒಂದು ನಿಯಮವನ್ನು ಓದಿದಾಗ ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಅದರ ಮೇಲೆಯೇ ಬಹಳ ಹೊತ್ತು ಮಾತು ನಡೆಯಿತು.

ನಮ್ಮ ದೇಶದಲ್ಲಿ ಹಣ ಬೇರೆ ಬೇರೆ ದಾರಿಗಳಲ್ಲಿ ಹರಿಯುತ್ತದೆ. ಸಂವಿಧಾನದ 285ನೇ ವಿಧಿಯ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿಗೆ ಪುರಸಭೆ ತೆರಿಗೆ ಹಾಕುವಂತಿಲ್ಲ. ಬದಲಿಗೆ ಸೇವಾ ಶುಲ್ಕ ಸಲ್ಲಬೇಕು. ರಾಜಕೋಟ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇತ್ಯರ್ಥವಾದಂತೆ, ಪಡೆದ ಸೇವೆಗೆ ತಕ್ಕಂತೆ ಆಸ್ತಿ ತೆರಿಗೆಯ ಶೇ 75, ಶೇ 50 ಅಥವಾ ಮೂರನೇ ಒಂದು ಪಾಲು. ಪುಣೆಯ ಖಡಕಿಯಂಥ ದಂಡುಪ್ರದೇಶಗಳಿಗೆ (ಕಂಟೋನ್ಮೆಂಟ್) ತಮ್ಮದೇ ಮಂಡಳಿ ಇದೆ, ಆ ಮಂಡಳಿಗೆ ರಕ್ಷಣಾ ಸಚಿವಾಲಯದ ಹಣ ಬರುತ್ತದೆ. ವಾಸ್ಕೋ ದಂಡುಪ್ರದೇಶವಲ್ಲ, ಮುರಗಾವ್ ಪುರಸಭೆಗೆ ಸೇರಿದ ಊರು. ಇನ್ನು ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ತಾವಿರುವ ಊರಿಗೆ ಆದ್ಯತೆ ಕೊಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಇವು ತಲುಪುವುದು ಪುರಸಭೆಗೆ, ಶಾಲೆಗೆ, ಆಸ್ಪತ್ರೆಗೆ. ಕೆಲಸಗಾರನಿಗೆ ದಿನವೂ ಊಟ ಕಟ್ಟುವ ಹೆಂಗಸರ ಒಲೆಯವರೆಗೆ ಬರುವುದಿಲ್ಲ.

ಹಾಗಾದರೆ ನಮಗೆ ತೆರೆದಿರುವ ಬಾಗಿಲು ಯಾವುದು? ಕಿರು ಉದ್ಯಮದ ಬಾಗಿಲು. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು, ಅದರೊಳಗೆ ಶೇ 3 ಮಹಿಳೆಯರ ಉದ್ಯಮಗಳಿಂದ ಬರಬೇಕು ಎಂಬ ನಿಯಮವಿದೆ. 2012ರ ಖರೀದಿ ನೀತಿಯಲ್ಲಿ ಶೇ 20 ಇದ್ದದ್ದು 2018ರಲ್ಲಿ ಶೇ 25 ಆಯಿತು. ಕಿರು ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ‘ಉದ್ಯಮ್’ ನೋಂದಣಿ ಇದ್ದವರಿಗೆ ಟೆಂಡರ್ ಅರ್ಜಿ ಉಚಿತ, ಠೇವಣಿಯೂ ಬೇಡ. ರಕ್ಷಣಾ ಕ್ಷೇತ್ರದ ಉದ್ದಿಮೆಗಳಿಗೂ ಈ ನೀತಿ ಅನ್ವಯಿಸುತ್ತದೆ. ನನ್ನ ದೃಷ್ಟಿಯಲ್ಲಿ, ದುಡಿಯುವ ಊರಿಗೆ ಅನುದಾನಕ್ಕಿಂತ ಇದು ಹೆಚ್ಚು ಗೌರವದ ನೆರವು. ಮಾಡಿದ ಕೆಲಸಕ್ಕೆ ಬೆಲೆ ಕೊಡುತ್ತದೆ. ಆದರೆ ಆ ಬಾಗಿಲಿನೊಳಗೆ ಹೋಗಲು ಕಾಗದ ಪತ್ರ ಬೇಕು. ಬೇರೆ ಬೇರೆ ಮನೆಗಳಲ್ಲಿ ಉರಿಯುವ ಒಲೆಗಳಿಗೆ ಒಂದೇ ಆಹಾರ ಪರವಾನಗಿ ಸಿಗುವುದಿಲ್ಲ. ಅಡುಗೆ ನಡೆಯುವ ಒಂದೊಂದು ಜಾಗಕ್ಕೂ ಬೇರೆ ಬೇರೆ ಪಡೆಯಬೇಕು. ಒಂದೇ ಅಡುಗೆಮನೆ ಮಾಡಿದ್ದರ ಮೊದಲ ಕಾರಣ ಇದು.

ಎರಡನೆಯ ಕಾರಣ ಸಾಲ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಸಹಕಾರ ಸಂಘಗಳಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ಯೋಜನೆಯ ಅವಧಿ 2025-26ರ ಆರ್ಥಿಕ ವರ್ಷದವರೆಗೆ ಎಂದಿದ್ದುದರಿಂದ ನಾವು ತಡಮಾಡಲಿಲ್ಲ. ನಮ್ಮ ಸಾಲ ಮಂಜೂರಾಗಿದೆ. ಹಿಟ್ಟಿನ ಗಿರಣಿ, ದೊಡ್ಡ ಹಂಚುಗಳು, ನೀರಿನ ಶುದ್ಧೀಕರಣ ಯಂತ್ರ, ಸ್ಟೀಲ್ ಮೇಜುಗಳು ಬರುತ್ತಿವೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಸಹಾಯಧನ ಮಂಜೂರಾದ ದಿನ ಕೈಗೆ ಬರುವ ದುಡ್ಡಲ್ಲ. ಅದು ಬ್ಯಾಂಕಿನಲ್ಲಿ ನಮ್ಮ ಸಾಲದ ಹೆಸರಿನಲ್ಲಿ ಬೇರೆಯಾಗಿ ಕುಳಿತಿರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ನಾವು ತಪ್ಪದೆ ಮರುಪಾವತಿ ಮಾಡಿದ್ದರೆ, ಅಡುಗೆಮನೆ ಆಗಲೂ ನಡೆಯುತ್ತಿದ್ದರೆ, ಆಗ ಅದು ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಪ್ರತಿ ತಿಂಗಳ ಕಂತನ್ನೂ ಬಾಡಿಗೆಯನ್ನೂ ಬುತ್ತಿ ಮಾರಿದ ಹಣದಿಂದಲೇ ಕಟ್ಟಬೇಕು. ಏರುವ ಹತ್ತು ರೂಪಾಯಿಯಲ್ಲಿ ಹೆಚ್ಚಿನ ಪಾಲು ಅಲ್ಲಿಗೆ ಹೋಗುತ್ತದೆ. ಉಳಿದದ್ದು ರೊಟ್ಟಿ ಬಡಿಯುವವರ ಕೂಲಿಗೆ. ಮನೆಯಲ್ಲಿ ಮಾಡುವಾಗ ನಮ್ಮ ಹೆಂಗಸರು ತಮ್ಮ ಗ್ಯಾಸು, ತಮ್ಮ ನೀರು, ತಮ್ಮ ನಸುಕಿನ ನಿದ್ದೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇನ್ನು ಮುಂದೆ ಹಿಡಿಯುತ್ತಾರೆ, ಹಿಡಿಯಲೇಬೇಕು.

ನಿಮ್ಮಲ್ಲಿ ಹಲವರ ದೊಡ್ಡ ಆತಂಕ ದರದ್ದಲ್ಲ, ರೊಟ್ಟಿಯದು. “ಯಂತ್ರದ ರೊಟ್ಟಿ ಕೊಡಬೇಡಿ” ಎಂದು ಗೇಟಿನ ಬಳಿ ಡಬ್ಬಿ ಹಿಂದಿರುಗಿಸುವಾಗ ಹೇಳಿ ಕಳಿಸಿದ್ದೀರಿ. ಕೊಡುವುದಿಲ್ಲ. ಗಿರಣಿ ಬರುವುದು ಹಿಟ್ಟು ಬೀಸುವುದಕ್ಕೆ ಮಾತ್ರ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಇಲ್ಲಿಯವರೆಗೆ ಒಮ್ಮೆಗೇ ಬೀಸಿಸಿ ತಂದ ಹಿಟ್ಟನ್ನು ವಾರಗಟ್ಟಲೆ ಬಳಸುತ್ತಿದ್ದೆವು. ಮಳೆಗಾಲದಲ್ಲಿ ಗೋವೆಯ ಹವೆಗೆ ಅದು ಬೇಗ ಕಹಿಯಾಗುತ್ತಿತ್ತು. ಇನ್ನು ಮುಂದೆ ವಿಜಯಪುರದ ಕಡೆಯಿಂದ ಬಿಳಿ ಮಾಲದಂಡಿ ಜೋಳವನ್ನೇ ತರಿಸಿ, ಬೇಕಾದಷ್ಟನ್ನು ಆಗಾಗ ಬೀಸಿಕೊಳ್ಳುತ್ತೇವೆ. ಎಸರು ಕುದಿಸಿ ಹಿಟ್ಟಿಗೆ ಹೊಯ್ಯುವುದು, ಅಂಗೈಯಿಂದ ನಾದುವುದು, ಕೊಣಮಿಗೆಯಲ್ಲಿ ಬಡಿಯುವುದು ಎಲ್ಲ ಕೈಯಲ್ಲೇ. ಇಂಡಿ ತಾಲ್ಲೂಕಿನಿಂದ ಬಂದ ನಮ್ಮ ಹಿರಿಯ ಸದಸ್ಯೆಯೊಬ್ಬರಿದ್ದಾರೆ. ಅವರು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಕ್ಷಣವನ್ನು ನೋಡಿಯೇ ತಿರುವಿಹಾಕುತ್ತಾರೆ. ಒಂದು ಉಸಿರಿನಷ್ಟು ತಡವಾದರೂ ಮೇಲೆ ಬಿರುಕು ಬಿಟ್ಟು ರೊಟ್ಟಿ ಉಬ್ಬುವುದಿಲ್ಲ ಎನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಕಲಿಸುವ ಹೊಣೆ ಅವರದೇ. ಇಂಥವರ ಮನೆಯ ರೊಟ್ಟಿಯೇ ಬೇಕು ಎಂದು ಕೇಳಿ ಪಡೆಯುವ ರೂಢಿ ಮಾತ್ರ ಇನ್ನು ನಡೆಯುವುದಿಲ್ಲ. ಆ ಅಭಿಮಾನಕ್ಕೆ ನಾವು ಋಣಿಗಳು. ಎಲ್ಲರ ರೊಟ್ಟಿಯೂ ಆ ಮಟ್ಟಕ್ಕೆ ಬರಬೇಕು ಎಂಬುದೇ ಈಗ ನಮ್ಮ ಹಟ.

ಗುತ್ತಿಗೆದಾರ ಗ್ರಾಹಕರಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ನಿಮ್ಮಲ್ಲಿ ಹೆಚ್ಚಿನವರು ಸಮಯಕ್ಕೆ ಸರಿಯಾಗಿ ಹಣ ಕೊಡುವವರು. ಆದರೆ ಒಬ್ಬರು ಕಳೆದ ಮಳೆಗಾಲದ ಬುತ್ತಿಯ ಹಣವನ್ನು ದೀಪಾವಳಿ ಕಳೆದರೂ ಕೊಡಲಿಲ್ಲ. ಆಗ ನಮ್ಮ ಸದಸ್ಯೆಯರು ಜೋಳದ ವ್ಯಾಪಾರಿಯ ಬಾಕಿ ತೀರಿಸಲು ಕೈಬಳೆ ಅಡವಿಟ್ಟರು. ಮೇಲಿನವರಿಂದ ತಮಗೇ ಬಿಲ್ಲು ಪಾಸಾಗಿಲ್ಲ ಎಂದು ಅವರು ಹೇಳಿದ್ದು ನಿಜವೂ ಇರಬಹುದು, ಆದರೆ ಆ ಭಾರ ಕೊನೆಗೆ ಬಂದು ಬಿದ್ದದ್ದು ಎಲ್ಲರಿಗಿಂತ ಕೆಳಗಿರುವ ಹೆಂಗಸರ ಮೇಲೆ. ಈಗ ಸಂಘಕ್ಕೆ ಉದ್ಯಮ್ ನೋಂದಣಿ ಆಗಿದೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ನಮ್ಮ ಹಣ ಕೊಡಲು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ ಮಾತ್ರ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಅವಧಿ ಮೀರಿ ಉಳಿದ ಬಾಕಿಯನ್ನು ಪಾವತಿಸುವವರೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲೂ ಬರುವುದಿಲ್ಲ. ಬಡ್ಡಿ ವಸೂಲಿ ಮಾಡುವ ಆಸೆ ನಮಗಿಲ್ಲ. ನಾವು 30 ದಿನಗಳ ಒಪ್ಪಂದ ಬರೆದುಕೊಳ್ಳುತ್ತೇವೆ, 45 ದಿನ ದಾಟಿದರೆ ಬುತ್ತಿ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಬೇಕಾದರೆ ಕೆಲಸಗಾರರಿಗೆ ಮೂರು ದಿನ ಮುಂಚೆ ನಾವೇ ತಿಳಿಸುತ್ತೇವೆ. ಯಾರೂ ಗೇಟಿನ ಬಳಿ ಹಸಿದುಕೊಂಡು ಕಾಯುವಂತೆ ಆಗಬಾರದು.

ಉದ್ದರಿ ಪುಸ್ತಕದ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿತ್ತು. ಎಲ್ಲವೂ ಬಿಲ್ಲಿನ ಮೇಲೆ ನಡೆಯಬೇಕಾದರೆ ಉದ್ದರಿಯೂ ನಿಲ್ಲಲಿ ಎಂದು ಕೆಲವರು ವಾದಿಸಿದರು. ಸಭೆ ಒಪ್ಪಲಿಲ್ಲ. ಊರು ಬಿಟ್ಟು ಬಂದು, ಮೊದಲ ಪಗಾರ ಕೈಗೆ ಬರುವವರೆಗೆ ಊಟಕ್ಕೆ ದಿಕ್ಕಿಲ್ಲದ ಹುಡುಗನಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಯಾವ ಯೋಜನೆಯಲ್ಲೂ ಅವನ ಹೆಸರಿಲ್ಲ. ಅವನ ಹೆಸರು ಇರುವುದು ನಮ್ಮ ಪುಸ್ತಕದಲ್ಲಿ. ಆದ್ದರಿಂದ ತಿಂಗಳ ಉದ್ದರಿ ಮುಂದುವರಿಯುತ್ತದೆ, ಪಗಾರವಾದ ಮೇಲೆ 10ನೇ ತಾರೀಖಿನೊಳಗೆ ತೀರಿಸಿದರೆ ಸಾಕು. ಒಂದೇ ವ್ಯತ್ಯಾಸ: ಪ್ರತಿ ಬುತ್ತಿಯನ್ನೂ ಪುಸ್ತಕದ ಜೊತೆಗೆ ನಿಮ್ಮ ಕೈಯಲ್ಲಿರುವ ಚೀಟಿಯಲ್ಲೂ ಬರೆದು ಸಹಿ ಮಾಡುತ್ತೇವೆ. ಬ್ಯಾಂಕಿಗೆ ಮಾರಾಟದ ಲೆಕ್ಕ ಒಪ್ಪಿಸಬೇಕು, ನಿಮಗೂ ಲೆಕ್ಕ ಸರಿಯಾಗಿ ಗೊತ್ತಿರಬೇಕು.

ಇನ್ನೊಂದು ಸಂತೋಷದ ವಿಷಯ. ಮಧ್ಯಾಹ್ನದ ನಂತರ ಅಡುಗೆಮನೆ ಖಾಲಿ ಇರುವಾಗ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಪೊಟ್ಟಣ ಕಟ್ಟಿ ಮಾರಲಿದ್ದೇವೆ. ತೇವ ತಾಗದಂತೆ ಇಟ್ಟರೆ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೂನ್ಯವಾಗಿದೆ. ಐವತ್ತು ವರ್ಷಗಳ ಹಿಂದೆ ಸಿರಿಧಾನ್ಯ, ಜೋಳಗಳನ್ನು ಬಿಟ್ಟು ಗೋಧಿಗೆ ಹೋಗಿದ್ದ ಭಾರತೀಯ ಸೇನೆ 2023ರಲ್ಲಿ ಸಜ್ಜೆ, ಜೋಳ, ರಾಗಿ ಹಿಟ್ಟನ್ನು ಮತ್ತೆ ಸೈನಿಕರ ಪಡಿತರಕ್ಕೆ ಸೇರಿಸಿತು, ಧಾನ್ಯದ ಪಾಲಿನಲ್ಲಿ ಶೇ 25ರ ಮಿತಿಯೊಳಗೆ. ಸರ್ಕಾರಿ ಖರೀದಿಗೆ ನಮ್ಮ ರೊಟ್ಟಿಯನ್ನು ಒಯ್ಯಬೇಕೆಂಬ ಆಸೆ ನಮಗಿದೆ; ಅದಕ್ಕೆ ಬೇಕಾದ ನೋಂದಣಿಗಳನ್ನು ಒಂದೊಂದಾಗಿ ಮಾಡಿಸುತ್ತಿದ್ದೇವೆ. ಆರ್ಡರ್ ಸಿಕ್ಕಿಲ್ಲ, ಸಿಕ್ಕರೆ ಮೊದಲು ನಿಮಗೇ ತಿಳಿಸುತ್ತೇವೆ. ಆ ಕೆಲಸಕ್ಕಾಗಿ ನಿಮ್ಮ ಬುತ್ತಿಯ ಹೊತ್ತು ತಪ್ಪಿಸುವುದಿಲ್ಲ ಎಂದು ಸಭೆಯ ನಡವಳಿ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಯುಗಾದಿಯ ದಿನ, ಮಾರ್ಚ್ 19ರಂದು ಬುತ್ತಿ ಇರುವುದಿಲ್ಲ. ಮಾರ್ಚ್ 30 ಮತ್ತು 31ರಂದು ಸಾಮಾನು ಸಾಗಿಸಬೇಕಾದ್ದರಿಂದ ಪಲ್ಯ, ಅನ್ನ ಇಲ್ಲದೆ ರೊಟ್ಟಿ, ಹಿಂಡಿ, ಮೊಸರು ಮಾತ್ರ ಬರುತ್ತದೆ, ದರ 40 ರೂಪಾಯಿ. ಏಪ್ರಿಲ್‌ನಿಂದ ವ್ಯಾನು ಹಡಗುಕಟ್ಟೆಯ ಕಡೆಗೆ 12.30ಕ್ಕೆ, ದಾಬೋಳಿಯ ಕಡೆಗೆ 12.50ಕ್ಕೆ ಬರುತ್ತದೆ. ಬೈನಾದವರಿಗೆ ಈಗಿನಂತೆಯೇ ಸೈಕಲ್ಲಿನಲ್ಲಿ ತಲುಪಿಸುತ್ತೇವೆ. ಹಳೆಯ ದರಕ್ಕೆ ಮುಂಗಡ ಕೊಟ್ಟವರಿಗೆ ಆ ಮುಂಗಡ ಮುಗಿಯುವವರೆಗೆ ಹಳೆಯ ದರವೇ. ಗುತ್ತಿಗೆದಾರರು ಒಪ್ಪಂದದ ನಮೂನೆಯನ್ನು ಡಬ್ಬಿ ತರುವವರಿಂದ ಪಡೆದು ಮಾರ್ಚ್ 20ರೊಳಗೆ ತುಂಬಿ ಕೊಡಬೇಕಾಗಿ ವಿನಂತಿ. ಅಡುಗೆಮನೆಯನ್ನು ಕಣ್ಣಾರೆ ನೋಡಬೇಕು ಎನ್ನುವವರು ಏಪ್ರಿಲ್ ಮೊದಲ ವಾರದಲ್ಲಿ ಯಾವ ದಿನ ಬೇಕಾದರೂ ಸಂಜೆ ನಾಲ್ಕರ ನಂತರ ಬನ್ನಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ